ಮಂಡಕ್ಕಿ ಅಂಗಡಿ ರಿಮೋಟು

ದಾವಣಗೆರೇಲಿ ನಾನು ಸಂಜೆ ಹೋಗಿ ಕೂರೋ ಮಂಡಕ್ಕಿ ಅಂಗಡೀಲಿ ಇರೋದು ಒಂದೇ ಟಿವಿ, ಆದ್ರೆ ಓನರ್ ಅಣ್ಣಂಗೆ ಎರಡು ನ್ಯೂಸ್ ಚಾನಲ್ ನಂಬರ್ ಬಾಯಿಪಾಠ. ಗಿರಾಕಿ ಬೈಕ್ ಸ್ಟ್ಯಾಂಡ್ ಹಾಕೋದ್ರೊಳಗೆ ಇವ್ನು ಯಾವ ಪಾರ್ಟಿ ಅಂತ ಅಂದಾಜು ಮಾಡಿ, ಹಿಟ್ಟು ಮೆತ್ತಿದ ಕೈಯಲ್ಲೇ ರಿಮೋಟ್ ಒತ್ತಿಬಿಡ್ತಾನೆ. ಎರಡೂ ಪಾರ್ಟಿಯವ್ರು ಒಟ್ಟಿಗೆ ಬಂದ್ರೆ? ಕ್ರಿಕೆಟ್.

ಮೊನ್ನೆ ಅಪ್ಪರ್ ಭದ್ರಾ ನೀರಾವರಿ ಯೋಜನೆ ಮೇಲೆ ಡಿಬೇಟು. 2023ರ ಕೇಂದ್ರ ಬಜೆಟ್ಟಲ್ಲಿ 5,300 ಕೋಟಿ ಅಂತ ಅನೌನ್ಸ್ ಆಗಿತ್ತಲ್ಲ, ಅದೇ. ಒಂದ್ರಲ್ಲಿ ಕೇಂದ್ರ ದುಡ್ಡು ಹಿಡ್ಕೊಂಡು ಬಾಗಿಲಲ್ಲೇ ನಿಂತೈತೆ, ರಾಜ್ಯದವ್ರಿಗೆ ಇಸ್ಕೊಳ್ಳೋ ಯೋಗ್ಯತೆ ಇಲ್ಲ ಅಂತ ಆ್ಯಂಕರು ಟೇಬಲ್ ಕುಟ್ತಾ ಇದ್ದ. ಅಣ್ಣ ಚಾನಲ್ ಬದಲಾಯಿಸಿದ, ಅಲ್ಲಿ ರಾಜ್ಯ ಸರ್ಕಾರ ಭಗೀರಥ, ಕೇಂದ್ರ ಮಲತಾಯಿ, ಬೇರೆ ಆ್ಯಂಕರು, ಕುಟ್ಟೋದು ಮಾತ್ರ ಅದೇ ಥರ. ಜಗಳೂರು, ಚಿತ್ರದುರ್ಗದ ಹೊಲಕ್ಕೆ ನೀರು ಯಾವಾಗ ಬರ್ತದೆ ಅಂತ ಎರಡ್ರಲ್ಲೂ ಕೇಳೋರಿಲ್ಲ. ಎಂಟು ಚೌಕದಲ್ಲಿ ಎಂಟು ಮುಖ, ಕೊನೆಗೆ ಫೋನಲ್ಲಿ ಒಬ್ರು ರೈತರು "ಸಾರ್, ನಮ್ ಕಡೆ ಕಾಲುವೆ ಅರ್ಧಕ್ಕೆ..." ಅನ್ನೋಷ್ಟ್ರಲ್ಲಿ "ನಿಮ್ಮ ಧ್ವನಿ ಕೇಳಿಸ್ತಿಲ್ಲ, ಮತ್ತೆ ಸಂಪರ್ಕ ಮಾಡ್ತೀವಿ". ಬಾಣಲಿ ಸದ್ದಲ್ಲೂ ನಮಗೆ ಕೇಳಿಸ್ತಿತ್ತು ಮಾರಾಯ!

ಹಂಗಂತ ಕಾನೂನು ಇಲ್ಲ ಅನ್ಕೋಬೇಡ್ರಿ. ಬೇಕಂತ ಹೇಳೋ ಸುಳ್ಳು, ಅರ್ಧಸತ್ಯ ಇರೋ ಕಾರ್ಯಕ್ರಮ ಹಾಕಂಗಿಲ್ಲ ಅಂತ 1994ರ ಕೇಬಲ್ ಟಿವಿ ರೂಲ್ಸಲ್ಲೇ ಐತೆ. ಅದಕ್ಕೇ ಇರಬೇಕು ಪಾಪ, ಈ ಅರ್ಧ ಅವ್ರು, ಆ ಅರ್ಧ ಇವ್ರು ಹಂಚ್ಕೊಂಡಿರೋದು. ಎರಡೂ ಸೇರ್ಸಿ ನೋಡಿದ್ರೆ ಪೂರ್ತಿ ಸತ್ಯ ಸಿಗಬೇಕಿತ್ತು, ನಾನು ಒಂದು ವಾರ ನೋಡ್ದೆ, ಸಿಕ್ಕಿದ್ದು ತಲೆನೋವು.

ನಿನ್ನೆ ಎರಡೂ ಪಾರ್ಟಿಯವ್ರು ಒಂದೇ ಟೈಮಿಗೆ ಬಂದ್ರು, ಕ್ರಿಕೆಟ್ ಬೇರೆ ಇರಲಿಲ್ಲ. ಅಣ್ಣ ಯಾವುದೋ ನ್ಯೂಸ್ ಹಾಕಿ ಮ್ಯೂಟ್ ಮಾಡಿದ. ಆಯುಧ ಪೂಜೇಲಿ ಬಳಿದ ವಿಭೂತಿ ಇನ್ನೂ ಟಿವಿ ಮೂಲೇಲೇ ಐತೆ, ಸರಿಯಾಗಿ ಲೋಗೋ ಬರೋ ಜಾಗದಲ್ಲಿ. ಪರದೇಲಿ ಬೆಂಕಿ, ಕೆಂಪಕ್ಷರ, ಬೆರಳು ತೋರಿಸ್ಕೊಂಡು ಬಾಯಿ ಬಡ್ಕೊಳ್ಳೋ ಆ್ಯಂಕರು.

"ನೋಡು ನಮ್ ಚಾನಲ್ಲು, ನಿಮ್ಮವ್ರಿಗೆ ಹೆಂಗೆ ಉಗೀತಾವ್ನೆ" ಅಂದ ಒಬ್ಬ.

"ಲೇ, ಅದು ನಮ್ದು ಕಣೋ, ಉಗೀತಿರೋದು ನಿಮ್ಮವ್ರಿಗೆ" ಅಂದ ಇನ್ನೊಬ್ಬ.

ಹತ್ತು ನಿಮಿಷ ಆದ್ರೂ ಇತ್ಯರ್ಥ ಆಗ್ಲಿಲ್ಲ. ಅಣ್ಣ ವಿಭೂತಿ ಒರೆಸ್ಲೂ ಇಲ್ಲ, ಇನ್ನೊಂದು ಪ್ಲೇಟ್ ಮೆಣಸಿನಕಾಯಿ ಎಣ್ಣೆಗೆ ಬಿಟ್ಟ.