ಐದು ಬೆರಳಿನ ಸಾಕ್ಸ್

ಜಪಾನಿಗೆ ಹೊರಟಾಗ ಎಲ್ರೂ ಭೂಕಂಪದ ಬಗ್ಗೆ ಹೆದರಿಸಿದ್ರು, ಸಾಕ್ಸ್ ಬಗ್ಗೆ ಒಬ್ರೂ ಹೇಳ್ಲಿಲ್ಲ ನೋಡಿ. ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಆಫೀಸಿನ ಸೀನಿಯರ್ ಒಬ್ರು ಮನೆಗೆ ಊಟಕ್ಕೆ ಕರೆದ್ರು. ಬಾಗಿಲು ದಾಟಿದ ತಕ್ಷಣ ಒಂಚೂರು ತಗ್ಗಿನ ಜಾಗ, ಗೆಂಕಾನ್ ಅಂತಾರೆ, ಶೂ ಅಲ್ಲೇ ಬಿಚ್ಚಿ ಮೂತಿ ಬಾಗಿಲ ಕಡೆ ತಿರುಗಿಸಿಟ್ಟು ಮೇಲೆ ಹತ್ತಬೇಕು. ನಾವೂ ಚಪ್ಪಲಿ ಹೊರಗೇ ಬಿಡೋ ಜನ, ಇದೇನು ಮಹಾ ಅಂತ ಬಿಚ್ಚಿದ್ರೆ ಬಲಗಾಲಿನ ಹೆಬ್ಬೆರಳು ಆಮೆ ತಲೆ ಥರ ಸಾಕ್ಸಿಂದ ಹೊರಗೆ ಬಂದಿತ್ತು. ಪುಣ್ಯಕ್ಕೆ ಸ್ಲಿಪ್ಪರ್ ಕೊಟ್ರು, ಮುಚ್ಕೊಂಡೆ. ಆದ್ರೆ ತತಾಮಿ ಚಾಪೆ ಇರೋ ರೂಮಿಗೆ ಸ್ಲಿಪ್ಪರೂ ಹಾಕೋ ಹಾಗಿಲ್ಲ, ಮತ್ತೆ ಆಮೆ ದರ್ಶನ. ಟಾಯ್ಲೆಟ್ಟಿಗೆ ಬೇರೆನೇ ಒಂದು ಜೊತೆ, ಅದನ್ನೇ ಮೆಟ್ಕೊಂಡು ನಾನು ಸೀದಾ ಊಟದ ರೂಮಿನವರೆಗೂ ಬಂದುಬಿಟ್ಟೆ, ಅವರ ಅಜ್ಜಿ ಚಾಪ್‌ಸ್ಟಿಕ್ ಕೆಳಗಿಟ್ಟು ನನ್ನ ಕಾಲನ್ನೇ ನೋಡ್ತಾ ಕೂತ್ರು.

ಇಷ್ಟೊಂದು ಮಡಿ ಮಾಡೋ ದೇಶದಲ್ಲಿ ಕಾಲಿಗೆ ಕಾಯಿಲೆ ಎಲ್ಲಿಂದ ಬರ್ಬೇಕು ಅಂದ್ಕೊಂಡಿದ್ದೆ. ಜೂನಲ್ಲಿ ತ್ಸುಯು ಅನ್ನೋ ಮಳೆಗಾಲ ಶುರುವಾಯ್ತು, ಬೆಳಿಗ್ಗೆ ನೆಂದ ಶೂನಲ್ಲೇ ರಾತ್ರಿ 9ರವರೆಗೆ, ಮಾರನೇ ದಿನ ಅದೇ ಶೂ. ಕಿರುಬೆರಳ ಸಂದಿ ಬೆಳ್ಳಗೆ ಬೆಂದ ಹಾಗಾಗಿ ತುರಿಕೆ ಅಂದ್ರೆ ತುರಿಕೆ, ಮೀಟಿಂಗಲ್ಲಿ ಟೇಬಲ್ ಕೆಳಗೆ ಒಂದು ಕಾಲಿಂದ ಇನ್ನೊಂದನ್ನ ಉಜ್ಜಿದ್ದೇ ಉಜ್ಜಿದ್ದು. ಡಾಕ್ಟರ್ ಚರ್ಮ ಚೂರು ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿ "ಮಿಜುಮುಶಿ" ಅಂದ್ರು. ಮಿಜು ಅಂದ್ರೆ ನೀರು, ಮುಶಿ ಅಂದ್ರೆ ಹುಳ. ಹುಳ ಅಂದ ಕೂಡ್ಲೇ ನನ್ನ ಜೀವ ಬಾಯಿಗೆ ಬಂತು, ಆಮೇಲೆ ಗೊತ್ತಾಯ್ತು ಅದು ಫಂಗಸ್ ಅಂತ. ನೆಲ ಎಷ್ಟು ಫಳಫಳ ಅಂದ್ರೂ ಅದಕ್ಕೇನಾಗ್ಬೇಕು, ಶೂ ಒಳಗಿನ ಶೆಕೆ, ತೇವ ಸಿಕ್ರೆ ಸಾಕು, ಸ್ನಾನದಮನೆ ಕಾಲೊರಸು, ಎಲ್ರೂ ಹಾಕೋ ಸ್ಲಿಪ್ಪರಿಂದಲೂ ಹರಡುತ್ತಂತೆ. ಅಂದ್ರೆ ನನ್ನ ಮಾನ ಕಾಪಾಡಿದ ಸ್ಲಿಪ್ಪರ್ ಮೇಲೂ ಡೌಟೇ! ತುರಿಕೆ ನಿಂತ್ರೂ ಕ್ರೀಮ್ ನಿಲ್ಲಿಸ್ಬೇಡಿ, ಬೆರಳ ಸಂದಿ ಒರೆಸ್ಕೊಳ್ಳಿ, ಒಂದೇ ಶೂ ದಿನಾ ಹಾಕ್ಬೇಡಿ, ಐದು ಬೆರಳಿನ ಸಾಕ್ಸ್ ತಗೊಳ್ಳಿ ಅಂದ್ರು.

ಊರಿಗೆ ಫೋನ್ ಮಾಡಿ ಹೇಳಿದ್ರೆ ಅಮ್ಮ, "ಅಯ್ಯೋ ಅದು ಕೆಸರುಹುಣ್ಣು ಕಣೋ, ನೆಟ್ಟಿ ಟೈಮಲ್ಲಿ ನಮಗೆಲ್ಲ ಆಗಲ್ವಾ, ಮದರಂಗಿ ಅರೆದು ಹಚ್ಚು. ಅಲ್ಲಾ, ಅಷ್ಟು ಓದಿ ಅಲ್ಲಿ ಹೋಗಿ ಗದ್ದೆಗಿಳಿದ್ಯಾ?"

ಹೋದ ವಾರ ಅದೇ ಮನೆಗೆ ಮತ್ತೆ ಊಟಕ್ಕೆ ಕರೆದ್ರು. ಹೊಸಾ ಐದು ಬೆರಳಿನ ಸಾಕ್ಸ್, ಎಲ್ಲೂ ತೂತಿಲ್ಲ, ಗೆಂಕಾನಲ್ಲಿ ಎದೆ ಉಬ್ಬಿಸ್ಕೊಂಡು ಶೂ ಬಿಚ್ಚಿದೆ. ಅಜ್ಜಿ ಬಗ್ಗಿ ಒಂದ್ಸಲ ಕಾಲು ನೋಡಿ, ಬಹಳ ಕನಿಕರದಿಂದ ಕೇಳಿದ್ರು, "ಮಿಜುಮುಶಿನಾ?"