ಬಾಟಲಿ ಊದಿದವನು

ಮೊನ್ನೆ ಮನೆಗೊಂದು ಚಪ್ಪಟೆ ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಅಮೆರಿಕದ ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್‌ನ ‘ಹೆಡ್ ಹಂಟರ್ಸ್’. 1973ರ ಆಲ್ಬಂ, ಈಗ ಹೊಸದಾಗಿ ಅಚ್ಚಾದ 180 ಗ್ರಾಂ ತೂಕದ ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ.

“ಇದೇ ಹಾಡು ಫೋನಲ್ಲಿ ಪುಕ್ಕಟೆ ಬರತ್ತಲ್ರೀ” ಅಂದಳು ಹೆಂಡತಿ.

ಬರತ್ತೆ. ಆದರೆ ಫೋನನ್ನು ಮಗುಚಿ ಹಾಕುವ ಕೆಲಸವಿಲ್ಲ. ಇದನ್ನು ಇಪ್ಪತ್ತೆರಡು ನಿಮಿಷಕ್ಕೆ ಎದ್ದು ಹೋಗಿ ಮಗುಚಬೇಕು, ದೋಸೆಯ ಹಾಗೆ. ಕಾವಲಿಯ ಮೇಲೆ ದೋಸೆ ಬಿಟ್ಟು ಯಾರು ಪೇಟೆಗೆ ಹೋಗುತ್ತಾರೆ? ಹಾಗಾಗಿ ಕೂತು ಕೇಳುತ್ತೇನೆ.

ಮೊದಲನೆಯದು ‘ಕಮೀಲಿಯನ್’, ಅಂದರೆ ಗೋಸುಂಬೆ. ಹದಿನೈದು ನಿಮಿಷ ದಾಟಿದರೂ ಮುಗಿಯುವುದಿಲ್ಲ. ಶುರುವಿನ ಆ ದಪ್ಪ ದನಿ ಬೇಸ್ ಗಿಟಾರ್ ಅಂತ ವರ್ಷಗಟ್ಟಲೆ ತಲೆದೂಗಿದ್ದೆ. ಅದು ಹ್ಯಾನ್‌ಕಾಕ್ ಎಆರ್‌ಪಿ ಆಡಿಸಿ ಎಂಬ ಸಿಂಥಸೈಜರ್‌ನಲ್ಲಿ ನುಡಿಸಿದ್ದಂತೆ. ತಂಡದಲ್ಲಿ ಗಿಟಾರ್ ವಾದಕನೇ ಇಲ್ಲ. ಆ ಚಾಕರಿ ಬಹುಪಾಲು ಕ್ಲಾವಿನೆಟ್ ಎಂಬ ಕೀಬೋರ್ಡಿನದು. ಗೋಸುಂಬೆ ಅಂತ ಮೊದಲೇ ಹೇಳಿದ್ದಾನೆ, ತಪ್ಪು ನನ್ನದೇ.

ನನಗೆ ಪ್ರಾಣವಾದದ್ದು ಎರಡನೆಯದು, ‘ವಾಟರ್‌ಮೆಲನ್ ಮ್ಯಾನ್’. ಹ್ಯಾನ್‌ಕಾಕ್ ಬೆಳೆದದ್ದು ಶಿಕಾಗೋದಲ್ಲಿ. ಅಲ್ಲಿನ ಕಲ್ಲುಹಾಸಿನ ಗಲ್ಲಿಗಳಲ್ಲಿ ಕಲ್ಲಂಗಡಿ ಗಾಡಿಯ ಚಕ್ರ ಗಡಗಡ ಉರುಳುತ್ತಿತ್ತು. ಆ ಸದ್ದಿನಿಂದ ತಾಳ ಬಂತು. ಹೆಂಗಸರು ಮನೆಯಿಂದಲೇ ಗಾಡಿಯವನನ್ನು ಕೂಗುತ್ತಿದ್ದ ಧಾಟಿಯಿಂದ ರಾಗ. ಮಾರುವವನ ಕೂಗಲ್ಲ, ಕೊಳ್ಳುವವರ ಕೂಗು! ಇದು 1962ರ ಅವನ ಮೊದಲ ಆಲ್ಬಂನಲ್ಲೇ ಇತ್ತು. ಹನ್ನೊಂದು ವರ್ಷದ ಮೇಲೆ ಅದನ್ನೇ ಎತ್ತಿಕೊಂಡು ಥಟ್ಟನೆ ಗುರುತು ಸಿಗದಂತೆ ಮಾಡಿಬಿಟ್ಟ. ಶುರುವಿನಲ್ಲಿ ತಂಡದ ತಾಳವಾದ್ಯಗಾರ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿ ಊದುತ್ತಾನೆ. ಮಧ್ಯ ಆಫ್ರಿಕಾದ ಕಾಡಿನ ಪಿಗ್ಮಿಗಳು ಒಂದೇ ಸ್ವರದ ಪೀಪಿಗೆ ತಮ್ಮ ದನಿ ಹೊಸೆದು ಹಾಡುತ್ತಾರಲ್ಲ, ಅದರ ಅನುಕರಣೆ.

“ಬಾಟಲಿ ಊದೋಕೆ ಇಷ್ಟು ದುಡ್ಡಾ?”

ಉತ್ತರ ಹೊಳೆಯಲಿಲ್ಲ. ಮರುಮುದ್ರಣ ಕೊಳ್ಳುವ ನಮ್ಮಂಥವರಿಗೆ ಐವತ್ತು ವರ್ಷದ ಹಿಂದಿನ ಸದ್ದು ಚೂರೂ ಮುಕ್ಕಾಗಬಾರದು. ಮೂಲ ಟೇಪು ಯಾವುದು, ಅಚ್ಚು ಎಲ್ಲಿಯದು ಅಂತ ಜಗಳಾಡುತ್ತೇವೆ. ಆ ಪುಣ್ಯಾತ್ಮನೋ ತನ್ನದೇ ಹಾಡನ್ನು ಒಡೆದು, ಬಾಟಲಿ ಸೇರಿಸಿ, ನಗುನಗುತ್ತಾ ಮತ್ತೆ ಮಾರಿದ. ಹೀಗೇ ಯೋಚಿಸುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಹಾಡು ಮುಗಿದು ಸೂಜಿ ನಡುವಿನ ಗೀರಿನಲ್ಲೇ ಟಕ್ ಟಕ್ ಸುತ್ತುತ್ತಿತ್ತು.

ಅಡುಗೆಮನೆಯಿಂದ ಕೂಗು ಬಂತು: “ರೀ, ನಿಮ್ಮ ದೋಸೆ ಸೀಯ್ತಿದೆ!”