ವಿನೈಲ್‌ಗೂ ಸಿಡಿಗೂ ಜಗಳ ಹಚ್ಚುವ ಮುಂಚೆ

ನಿನ್ನೆ ರಾತ್ರಿ ಒಂದೇ ಆಲ್ಬಮ್ಮನ್ನು ಮೂರು ಸಲ ಕೇಳಿದೆ. ಮೊದಲು ಎಲ್‌ಪಿ, ಅಂದರೆ ವಿನೈಲ್ ತಟ್ಟೆ. ಆಮೇಲೆ 80ರ ದಶಕದ ಸಿಡಿ, ಕೊನೆಗೆ ಅದರದ್ದೇ ರೀಮಾಸ್ಟರ್ ಸಿಡಿ, ಅಂದರೆ ಹಳೆ ರೆಕಾರ್ಡಿಂಗಿನ ಧ್ವನಿಯನ್ನು ಮತ್ತೆ ಹದಮಾಡಿ ತಂದದ್ದು. ಮೂರರ ವಾಲ್ಯೂಮನ್ನೂ ಒಂದೇ ಮಟ್ಟಕ್ಕೆ ತಂದಿಟ್ಟಿದ್ದೆ. ಇದನ್ನು ಮಾಡದೆ ಹೋಲಿಸಬೇಡಿ. ಸ್ವಲ್ಪ ಜೋರಾಗಿದ್ದರೂ ಸಾಕು, ಕಿವಿಗೆ ಅದೇ ಚೆನ್ನ ಅನಿಸುತ್ತದೆ.

ಮೊದಲೆರಡು ನನಗೆ ತುಂಬ ಇಷ್ಟವಾದವು. ಮೂರನೆಯದನ್ನು ಅರ್ಧಕ್ಕೇ ನಿಲ್ಲಿಸಿದೆ.

ಸಿಡಿ ಧ್ವನಿಯನ್ನು ಚೂರು ಚೂರು ಮಾಡುತ್ತದೆ, ಅಲೆ ಮೆಟ್ಟಿಲಿನ ಹಾಗಾಗುತ್ತದೆ ಅಂತ ನಾನೂ ವರ್ಷಗಟ್ಟಲೆ ನಂಬಿದ್ದೆ. ಅದು ತಪ್ಪು. ಸೆಕೆಂಡಿಗೆ 44,100 ಸಲ ಅಳೆದಿಟ್ಟರೆ, ನಮ್ಮ ಕಿವಿಗೆ ಬೀಳುವ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನೆಲ್ಲ ಮತ್ತೆ ನುಣುಪಾದ ಅಲೆಯಾಗಿಯೇ ಕಟ್ಟಬಹುದು. ಪ್ಲೇಯರ್‌ನಿಂದ ಹೊರಬರುವುದು ಆ ಅಲೆಯೇ. ಸಿಡಿಯ ಡೈನಾಮಿಕ್ ರೇಂಜ್, ಅಂದರೆ ಅತಿ ಮೆಲ್ಲನೆಯ ಧ್ವನಿಗೂ ಅತಿ ಜೋರಿನದಕ್ಕೂ ಇರುವ ಅಂತರ, ಸುಮಾರು 96 ಡೆಸಿಬಲ್. ಒಳ್ಳೆಯ ಎಲ್‌ಪಿಗೂ 70 ದಾಟುವುದು ಕಷ್ಟ.

ಎಲ್‌ಪಿಗೆ ಇನ್ನೊಂದು ತೊಡಕಿದೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತಲೇ ಇರುತ್ತದೆ, ಆದರೆ ಸೂಜಿ ಒಳಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ. ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಸೂಜಿಯ ಕೆಳಗೆ ಹಾದುಹೋದರೆ, ಕೊನೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟೇ ಧ್ವನಿ ತುಂಬಬೇಕು. ಕೊನೆಯ ಹಾಡಿನಲ್ಲಿ 'ಸ', 'ಶ' ಒರಟಾಗಿ ಕೇಳುವುದು ಇದರಿಂದಲೇ.

ಹಾಗಾದರೆ ಎಷ್ಟೋ ಸಲ ವಿನೈಲೇ ಯಾಕೆ ಚೆನ್ನಾಗಿರುತ್ತದೆ? ಮಾಸ್ಟರಿಂಗ್! ಅಂದರೆ ತಟ್ಟೆಗೋ ಸಿಡಿಗೋ ಹಾಕುವ ಮುಂಚೆ ಧ್ವನಿಯನ್ನು ಕೊನೆಯ ಸಲ ಹದಮಾಡುವ ಕೆಲಸ. 90ರ ದಶಕದಿಂದೀಚೆಗೆ ಪಕ್ಕದ ಸಿಡಿಗಿಂತ ನಮ್ಮದು ಜೋರಾಗಿರಲಿ ಅಂತ ಪೈಪೋಟಿ ಜಾಸ್ತಿಯಾಯಿತು. ಮೆಲ್ಲನೆಯದನ್ನು ಎತ್ತಿದರು, ಜೋರಿನ ತುದಿಗಳನ್ನು ಕತ್ತರಿಸಿದರು. ವಿನೈಲ್‌ನಲ್ಲಿ ಇದು ಅಷ್ಟು ಸುಲಭವಲ್ಲ. ಧ್ವನಿ ಜೋರಾದಷ್ಟೂ ಗೀರು ಅಗಲ ಜಾಗ ಬೇಡುತ್ತದೆ, ಒಂದು ಬದಿಯಲ್ಲಿ ಹಿಡಿಸುವ ನಿಮಿಷಗಳು ಕಡಿಮೆಯಾಗುತ್ತವೆ. ಹಾಗಂತ ಹೊಸ ಎಲ್‌ಪಿಗಳೆಲ್ಲ ಚೆನ್ನಾಗಿವೆ ಅಂತಲ್ಲ. ಕತ್ತರಿಸಿದ ಅದೇ ಮಾಸ್ಟರನ್ನು ತಟ್ಟೆಗೆ ಒತ್ತಿದ್ದೂ ಇದೆ.

ನನಗೆ ಬೇಸರವಾಗುವುದು ಇಲ್ಲೇ. ಇಷ್ಟು ನಿಶ್ಶಬ್ದವನ್ನು ಹಿಡಿಯಬಲ್ಲ ಸಿಡಿಯನ್ನು ಬರೀ ಗದ್ದಲದಿಂದ ತುಂಬಿದರಲ್ಲ! ನಿನ್ನೆ ಆ ಹಳೆ ಸಿಡಿಯಲ್ಲಿ, ಡ್ರಮ್ ಏಟು ಬೀಳುವ ಮುಂಚೆ ಹಾಡುವವರು ಉಸಿರು ಎಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. ರೀಮಾಸ್ಟರ್‌ನಲ್ಲಿ ಉಸಿರೂ ಏಟೂ ಒಂದೇ ಎತ್ತರದಲ್ಲಿದ್ದವು.